ಸಿನಿಮಾ ತೋರಿಸಿದ್ದಾಯ್ತು, ಪಾಠ ಆಗೋದು ಯಾವಾಗ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ದಿನಾಚರಣೆಗೆ 8, 9, 10ನೇ ತರಗತಿಯವರನ್ನೆಲ್ಲ ಒಟ್ಟಿಗೆ ಕೂರಿಸಿ ಒಂದು ಪೂರ್ತಿ ಸಿನಿಮಾ ತೋರಿಸಿದೆವು. ಮಕ್ಕಳಿಗೆ ತುಂಬಾ ಇಷ್ಟವಾಯಿತು. ಮಾರನೇ ದಿನ 'ಏನು ಕಲಿತಿರಿ' ಅಂತ ಬರೆಸಿದರೆ ಹೆಚ್ಚಿನವರು 'ಸತ್ಯವನ್ನೇ ಹೇಳಬೇಕು', 'ಹಿರಿಯರಿಗೆ ಗೌರವ ಕೊಡಬೇಕು' ಅಂತ ಬರೆದಿದ್ದರು. ಆ ಸಿನಿಮಾದಲ್ಲಿ ಇದ್ದದ್ದೇ ಬೇರೆ. ಹಕ್ಕು, ಕರ್ತವ್ಯ, ಸಮಾನತೆ, ಒಬ್ಬರಿಗೊಬ್ಬರು ಹೊಂದಿಕೊಂಡು ಬದುಕುವುದು, ಇದನ್ನೆಲ್ಲ ಸಿನಿಮಾದಿಂದ ಕಲಿಸಬಹುದು ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ಹೇಗೆ ಅಂತ ಹೇಳುವುದಿಲ್ಲ. ಯಾವ ಸಿನಿಮಾ ತೋರಿಸಲಿ? ಕಾನೂನಿನ ತೊಡಕು ಏನಾದರೂ ಇದೆಯಾ? 'ಪೋರ್ಷನ್ ಮುಗಿಯೋದು ಯಾವಾಗ' ಅಂತ ಕೇಳುವ ನಮ್ಮ ಎಚ್‌ಎಂ ಸರ್‌ಗೆ ಏನು ಹೇಳಲಿ?

ಉತ್ತರ: ನಮಸ್ಕಾರ ಮೇಡಂ. ಮೊದಲು ಮಕ್ಕಳ ಪರವಾಗಿ ಒಂದು ಮಾತು. 'ಏನು ಕಲಿತಿರಿ' ಅಂತ ಶಾಲೆಯಲ್ಲಿ ಯಾರಾದರೂ ಕೇಳಿದರೆ ಏನು ಬರೆಯಬೇಕು ಅನ್ನೋದು ಅವರಿಗೆ ಒಂದನೇ ಕ್ಲಾಸಿನಿಂದಲೂ ಗೊತ್ತು. ಕಥೆ ಯಾವುದೇ ಇರಲಿ, ಕೊನೆಗೊಂದು ನೀತಿ ಬರೆದರೆ ಮೇಡಂ ರೈಟ್ ಹಾಕುತ್ತಾರೆ. ನೀವು ಕೇಳಿದ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ. ಹಾಗಾಗಿ ಸಿನಿಮಾ ಬದಲಾಯಿಸುವ ಮುಂಚೆ ನಾವು ಪ್ರಶ್ನೆ ಬದಲಾಯಿಸಬೇಕು. ಅದಕ್ಕಿಂತ ಮುಂಚೆ ಎಲ್ಲಿ ಕೇಳುತ್ತೇವೆ ಅನ್ನೋದನ್ನು ಬದಲಾಯಿಸಬೇಕು.

ಸಿನಿಮಾ ಮುಗಿದ ಮೇಲೆ ಕೇಳಿದರೆ ಎಲ್ಲವೂ ಆಗಿಹೋಗಿರುತ್ತದೆ. ಯಾರು ಒಳ್ಳೆಯವರು, ಯಾರು ಕೆಟ್ಟವರು, ಯಾರು ಗೆದ್ದರು ಅಂತ ನಿರ್ದೇಶಕರೇ ತೀರ್ಮಾನ ಮಾಡಿ ಮುಗಿಸಿರುತ್ತಾರೆ. ಮಕ್ಕಳಿಗೆ ಯೋಚಿಸೋಕೆ ಉಳಿಯೋದು ಏನು? ಕಥೆಯಲ್ಲಿ ಒಬ್ಬರು ಏನೋ ಒಂದು ನಿರ್ಧಾರ ಮಾಡಲೇಬೇಕಾದ ಜಾಗ ಬರುತ್ತದಲ್ಲ, ಅಲ್ಲಿ ನಿಲ್ಲಿಸಿ. ಮುಂದೇನಾಯ್ತು ಅಂತ ಗೊತ್ತಿಲ್ಲದೆ ಇರುವಾಗ ಕೇಳಿ: ಈಗ ಇವನು ಏನು ಮಾಡುತ್ತಾನೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಯಾಕೆ? ಈ 'ಯಾಕೆ'ಯಲ್ಲೇ ನಿಮ್ಮ ಪಾಠ ಇರೋದು. ಹಾಗೆ ನೋಡಿದರೆ ಪೂರ್ತಿ ಸಿನಿಮಾ ಬೇಕಾಗೋದೇ ಅಪರೂಪ. ಐದರಿಂದ ಹದಿನೈದು ನಿಮಿಷದ ತುಣುಕು ಸಾಕು. ಉಳಿದ ಅರ್ಧ ಗಂಟೆ ಮಕ್ಕಳ ಮಾತಿಗೆ.

ಶುರು ಮಾಡೋಕೆ ತುಂಬಾ ಚಿಕ್ಕ ಸಿನಿಮಾ ಒಂದನ್ನು ಹೇಳುತ್ತೇನೆ. ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ಮುಂದೆ ಜಗತ್ತಿಗೇ ಗೊತ್ತಾದ ನಿರ್ದೇಶಕ. ಅವರು ಸಿನಿಮಾ ಮಾಡೋಕೆ ಶುರು ಮಾಡಿದ್ದು ಮಕ್ಕಳಿಗಾಗಿ ಪುಸ್ತಕ, ಗ್ರಂಥಾಲಯ, ಸಿನಿಮಾ ಅಂತ ಕೆಲಸ ಮಾಡುತ್ತಿದ್ದ ಒಂದು ಸರ್ಕಾರಿ ಸಂಸ್ಥೆಯಲ್ಲಿ. 1975ರಲ್ಲಿ ಅವರು ಸುಮಾರು ಐದು ನಿಮಿಷದ ಒಂದು ಚಿತ್ರ ಮಾಡಿದರು. ಅದರ ಹೆಸರಿನ ಅರ್ಥ 'ಒಂದು ಸಮಸ್ಯೆಗೆ ಎರಡು ಪರಿಹಾರ'. ದಾರಾ ಮತ್ತು ನಾದಿರ್ ಅಂತ ಇಬ್ಬರು ಹುಡುಗರು, ಒಂದೇ ಕ್ಲಾಸು. ದಾರಾ ಗೆಳೆಯನಿಂದ ಪುಸ್ತಕ ತೆಗೆದುಕೊಂಡಿದ್ದಾನೆ. ವಾಪಸ್ ಕೊಡುವಾಗ ಅದು ಹರಿದಿದೆ. ಮೊದಲ ಪರಿಹಾರದಲ್ಲಿ ನಾದಿರ್ ಸೇಡು ತೀರಿಸಿಕೊಳ್ಳುತ್ತಾನೆ. ಅವನದ್ದೊಂದು ಹಾಳು, ಇವನದ್ದೊಂದು ಹಾಳು, ಕೊನೆಗೆ ಮೈಕೈಗೂ ಪೆಟ್ಟು. ಎರಡನೆಯದರಲ್ಲಿ ಹರಿದದ್ದನ್ನು ಅಂಟು ಹಾಕಿ ಸರಿ ಮಾಡುತ್ತಾರೆ, ಗೆಳೆತನವೂ ಉಳಿಯುತ್ತದೆ. ಇಷ್ಟೇ ಕಥೆ. ಭಾಷೆ ಬರದಿದ್ದರೂ ಅರ್ಥವಾಗುತ್ತದೆ.

ಇದನ್ನು ಎಂಟನೇ ಕ್ಲಾಸಿಗೆ ತೋರಿಸುವಾಗ ಹರಿದ ಪುಸ್ತಕ ಕಂಡ ತಕ್ಷಣ ನಿಲ್ಲಿಸಿ. 'ನಾದಿರ್ ಈಗ ಏನು ಮಾಡಬಹುದು' ಅಂತ ಕೇಳಿ, ಬಂದದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಹೊಡೀಬೇಕು. ಮೇಡಂಗೆ ಹೇಳಬೇಕು. ಹೊಸದು ಕೊಡಿಸು ಅನ್ನಬೇಕು. ಸುಮ್ನೆ ಇರಬೇಕು. ಮಾತು ಬಿಡಬೇಕು. ಒಂದನ್ನೂ ಅಳಿಸಬೇಡಿ, 'ಹಾಗೆಲ್ಲ ಹೊಡೀಬಾರದು' ಅಂತ ಮಧ್ಯೆ ಬಾಯಿ ಹಾಕಬೇಡಿ. ಕಷ್ಟವಾಗುತ್ತದೆ, ಗೊತ್ತು. ಆಮೇಲೆ ಪ್ರತಿಯೊಂದರ ಪಕ್ಕದಲ್ಲಿ 'ಹೀಗೆ ಮಾಡಿದರೆ ನಾಳೆ ಬೆಳಿಗ್ಗೆ ಏನಾಗುತ್ತದೆ' ಅಂತ ಬರೆಸಿ. 'ಸುಮ್ನೆ ಇರಬೇಕು' ಅನ್ನೋದು ಒಳ್ಳೆ ಮಕ್ಕಳ ಉತ್ತರ ಅಂತ ನಮಗೆ ಅನ್ನಿಸುತ್ತದೆ. ಆದರೆ ಅದರ ಪಕ್ಕಕ್ಕೆ ಬಂದಾಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: ಸುಮ್ನೆ ಇದ್ದರೆ ಅವನು ಇನ್ನೊಬ್ಬರದ್ದೂ ಹರಿಯುತ್ತಾನೆ. ಅಲ್ಲಿಗೆ ಮಾತು ಗೆಳೆತನ ಬಿಟ್ಟು ನ್ಯಾಯಕ್ಕೆ ಬಂತು. ನಷ್ಟ ತುಂಬಿಕೊಡೋದು ಬೇರೆ, ಶಿಕ್ಷೆ ಬೇರೆ, ಸೇಡು ಬೇರೆ ಅನ್ನೋದನ್ನು ಹದಿಮೂರು ವರ್ಷದ ಮಕ್ಕಳು ತಾವೇ ಬಿಡಿಸುತ್ತಾರೆ. ನ್ಯಾಯಾಂಗದ ಪಾಠಕ್ಕೆ ಇದಕ್ಕಿಂತ ಒಳ್ಳೆ ಬಾಗಿಲು ನನಗೆ ಸಿಕ್ಕಿಲ್ಲ.

ಅದೇ ನಿರ್ದೇಶಕರ ಮೊದಲ ಕಿರುಚಿತ್ರವೂ ಚೆನ್ನಾಗಿದೆ. 1970ರದ್ದು, ಹತ್ತು ನಿಮಿಷದ ಆಸುಪಾಸು. ರೊಟ್ಟಿ ಹಿಡಿದು ಮನೆಗೆ ಹೊರಟ ಹುಡುಗ, ಓಣಿಯಲ್ಲಿ ಒಂದು ನಾಯಿ. ಹುಡುಗನಿಗೆ ಹೆದರಿಕೆ. ದೊಡ್ಡವರು ಯಾರಾದರೂ ಬಂದರೆ ಜೊತೆಗೆ ಹೋಗೋಣ ಅಂತ ಕಾಯುತ್ತಾನೆ. ಹೆದರಿಕೆ ಆಗುತ್ತದೆ ಅಂತ ಒಪ್ಪಿಕೊಳ್ಳೋದು ನಮ್ಮ ಗಂಡು ಹುಡುಗರಿಗೆ ಬಹಳ ಕಷ್ಟ. ಈ ಹುಡುಗನ ಹೆದರಿಕೆಯ ಬಗ್ಗೆ ಮಾತಾಡೋದು ಅಷ್ಟು ಕಷ್ಟವಲ್ಲ. ಅವನ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ತಮ್ಮ ಊರಿನ ಓಣಿ, ತಮ್ಮ ಕತ್ತಲೆ, ತಮ್ಮ ಸಂಜೆ ಬಸ್ಸು ಎಲ್ಲಾ ಬರುತ್ತವೆ.

ಸ್ವಲ್ಪ ಉದ್ದದ್ದು ಬೇಕು ಅಂದರೆ ಇರಾನಿನದೇ ಮಜಿದ್ ಮಜಿದಿಯವರ 'ಚಿಲ್ಡ್ರನ್ ಆಫ್ ಹೆವನ್', 1997ರದ್ದು. ತಂಗಿಯ ಶೂ ರಿಪೇರಿ ಮಾಡಿಸಿ ತರುವಾಗ ಅಲಿ ಅದನ್ನು ಕಳೆದುಬಿಡುತ್ತಾನೆ. ಮನೆಯಲ್ಲಿ ಹೊಸ ಶೂ ಕೊಳ್ಳೋ ಶಕ್ತಿ ಇಲ್ಲ ಅಂತ ಅವನಿಗೆ ಗೊತ್ತು. ರಾತ್ರಿ ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಅಣ್ಣ ತಂಗಿ ಹೋಂವರ್ಕ್ ಮಾಡೋ ಹಾಗೆ ಕೂತು, ನೋಟ್‌ಬುಕ್ಕಿನಲ್ಲಿ ಬರೆದು ಬರೆದೇ ಜಗಳ ಮಾಡುತ್ತಾರೆ. ಹೇಳಬೇಡ ಅಂತ ಅವನು, ನಾನು ಸ್ಕೂಲಿಗೆ ಏನು ಹಾಕ್ಕೊಂಡು ಹೋಗಲಿ ಅಂತ ಅವಳು. ನಿಲ್ಲಿಸಬೇಕಾದ್ದು ಅಲ್ಲೇ. ತಂಗಿ ಜಹ್ರಾ ಅಪ್ಪನಿಗೆ ಹೇಳಬೇಕಾ, ಬೇಡವಾ? ಕ್ಲಾಸನ್ನು ಎರಡು ಗುಂಪು ಮಾಡಿ. ಐದು ನಿಮಿಷ ಆದ ಮೇಲೆ ಗುಂಪು ಅದಲು ಬದಲು ಮಾಡಿ, ಇಷ್ಟು ಹೊತ್ತು ಬೇಡ ಅಂದವರೇ ಈಗ ಹೇಳಬೇಕು ಅಂತ ವಾದಿಸಲಿ. 'ಸತ್ಯವನ್ನೇ ಹೇಳಬೇಕು' ಅಂತ ಬರೆದ ಮಕ್ಕಳಿಗೆ ಸತ್ಯ ಹೇಳೋದಕ್ಕೂ ಒಂದು ಬೆಲೆ ಇದೆ, ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ ಅಂತ ಹೊಳೆಯೋದು ಇಲ್ಲಿ. ಮನೆಯಲ್ಲಿ ದುಡ್ಡಿನ ಕಷ್ಟ ಕಂಡ ಮಕ್ಕಳು ಅಲಿಯ ಪರ ಎಷ್ಟು ಗಟ್ಟಿಯಾಗಿ ನಿಲ್ಲುತ್ತಾರೆ ಅಂತ ನೀವೇ ನೋಡುತ್ತೀರಿ.

ಪರ್ಷಿಯನ್ ಭಾಷೆ, ಇಂಗ್ಲಿಷ್ ಸಬ್‌ಟೈಟಲ್ ಅಂತ ಚಿಂತೆ ಬೇಡ. ನೀವು ಆಯ್ದುಕೊಂಡ ಹತ್ತು ನಿಮಿಷದ ಮಾತುಗಳನ್ನು ಹಿಂದಿನ ದಿನ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಬ್ಬರು ಮಕ್ಕಳ ಕೈಲಿ ಪರದೆ ಪಕ್ಕ ನಿಂತು ಓದಿಸಿ. ಹಾವೇರಿ ಕಡೆ ಮಾತಿನಲ್ಲೇ ಬರೆಯಿರಿ, ಚೆನ್ನಾಗಿರುತ್ತದೆ. ಓದುವ ಮಕ್ಕಳಿಗೆ ಆ ಪಾತ್ರ ಜಾಸ್ತಿ ಹತ್ತಿರವಾಗುತ್ತದೆ.

ಇನ್ನು ನಿಮ್ಮ ವಿಷಯಕ್ಕೇ ನೇರ ಬರೋಣ, ಪೌರತ್ವ. ಕನ್ನಡದಲ್ಲಿ ಇದಕ್ಕೆ ಕೈಗೆ ಸಿಗೋ ಸಿನಿಮಾ ಅಂದರೆ ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ'. 2018ರದ್ದು, ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂದಿದೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಒಂದು ಕನ್ನಡ ಶಾಲೆ. ಕನ್ನಡ ಬಾರದ ಮೇಷ್ಟ್ರನ್ನು ಹಾಕುತ್ತಾರೆ, ಆಮೇಲೆ ಶಾಲೆಯೇ ಮುಚ್ಚುವ ಹಂತಕ್ಕೆ ಬರುತ್ತದೆ. ಮಕ್ಕಳು ಸುಮ್ನಿರೋದಿಲ್ಲ. ವಿಷಯ ಕೋರ್ಟಿನವರೆಗೂ ಹೋಗುತ್ತದೆ. ಬಹುಶಃ ನಿಮ್ಮ ಮಕ್ಕಳಲ್ಲಿ ಹಲವರು ಟಿವಿಯಲ್ಲಿ ನೋಡಿರುತ್ತಾರೆ. ಅದು ಒಳ್ಳೆಯದೇ, ಕಥೆ ಹೇಳೋ ಸಮಯ ಉಳಿಯುತ್ತದೆ.

ಈ ಸಿನಿಮಾ ನನಗೂ ಇಷ್ಟ. ಆದರೆ ಇದನ್ನು ಕ್ಲಾಸಿನಲ್ಲಿ 'ಕನ್ನಡಾಭಿಮಾನ' ಅಂತ ತೋರಿಸಿ ಚಪ್ಪಾಳೆ ಹೊಡೆಸಿದರೆ ಪೌರತ್ವದ ಪಾಠ ಆಗಲಿಲ್ಲ. ಅಭಿಮಾನ ನಮ್ಮ ಮಕ್ಕಳಿಗೆ ಆಗಲೇ ಇದೆ. ಬೇಕಾಗಿರೋದು ಅದರ ಮುಂದಿನ ಹೆಜ್ಜೆ. ಅದಕ್ಕೆ ನಾನು ಹೀಗೆ ಮಾಡಿ ಅಂತ ಹೇಳುತ್ತೇನೆ. ಗಣಿತದ ಮೇಷ್ಟ್ರು ಬಂದು ಮಕ್ಕಳಿಗೆ ಅರ್ಥವಾಗದ ಭಾಷೆಯಲ್ಲಿ ಪಾಠ ಮಾಡುವ ಭಾಗ ತೋರಿಸಿ ನಿಲ್ಲಿಸಿ. ಈ ಮಕ್ಕಳಿಗೆ ಆಗುತ್ತಿರೋದು ಬರೀ ಬೇಜಾರಾ, ಇಲ್ಲಾ ಅನ್ಯಾಯನಾ? ಅನ್ಯಾಯ ಅಂದರೆ ಯಾವ ನಿಯಮ ಮುರಿದಿದ್ದಾರೆ? ಆಗ ಸಂವಿಧಾನ ತೆಗೆಯಿರಿ. 29ನೇ ವಿಧಿ ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ. 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಿ ಅಂತ ರಾಜ್ಯಗಳಿಗೆ ಹೇಳುತ್ತದೆ. ಇದು 1956ರಲ್ಲಿ ಸೇರಿದ್ದು. ಭಾಷೆಯ ಆಧಾರದ ಮೇಲೆ ರಾಜ್ಯಗಳು ಹೊಸದಾಗಿ ಆದದ್ದೂ ಅದೇ ವರ್ಷ, ಅದುವರೆಗೆ ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಹೋದದ್ದೂ ಆಗಲೇ. ಗಡಿ ಎಲ್ಲೇ ಎಳೆದರೂ ಆ ಕಡೆ ಈ ಕಡೆ ಬೇರೆ ಭಾಷೆಯವರು ಉಳಿದೇ ಉಳಿಯುತ್ತಾರೆ. ಅವರಿಗಾಗಿ ಬಂದ ವಿಧಿ ಇದು. ಪುಸ್ತಕದಲ್ಲಿ ಒಂದು ಸಾಲಾಗಿ ಇದ್ದದ್ದು ಈಗ ಆ ತರಗತಿಯಲ್ಲಿ ಕೂತ ಮಕ್ಕಳ ಮುಖದ ಜೊತೆ ನೆನಪಿರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ನಾನು ಮುಖ್ಯ ಅಂದುಕೊಂಡಿರೋ ಪ್ರಶ್ನೆ ಇನ್ನೂ ಬಂದಿಲ್ಲ. ನಮ್ಮ ಜಿಲ್ಲೆಯಲ್ಲೇ ಉರ್ದು ಶಾಲೆಗಳಿವೆ. ಬೆಳಗಾವಿಯಲ್ಲಿ ಮರಾಠಿ ಶಾಲೆಗಳಿವೆ, ಆಂಧ್ರದ ಗಡಿಯಲ್ಲಿ ತೆಲುಗು ಶಾಲೆಗಳಿವೆ. ಅಲ್ಲಿಗೆ ಆ ಭಾಷೆ ಬಾರದ ಮೇಷ್ಟ್ರನ್ನು ಹಾಕಿದರೆ? ಕಾಸರಗೋಡಿನ ಮಕ್ಕಳಿಗೆ ಇದ್ದ ಹಕ್ಕು ಈ ಮಕ್ಕಳಿಗೂ ಇದೆಯಾ? ಕ್ಲಾಸು ಒಂದು ನಿಮಿಷ ಸುಮ್ಮನಾಗುತ್ತದೆ. ಆಮೇಲೆ ಜಗಳ ಶುರು. ಜಗಳ ಆಗಲಿ ಮೇಡಂ. 'ನಮಗೆ ಬೇಕು' ಅನ್ನೋದು 'ಎಲ್ಲರಿಗೂ ಬೇಕು' ಆಗೋದು ಅಲ್ಲೇ. ಅದಕ್ಕೆ ಉತ್ತರವನ್ನು ನೀವು ಹೇಳಬೇಡಿ. 350ಎ ವಿಧಿಯನ್ನು ಇನ್ನೊಂದು ಸಲ ಜೋರಾಗಿ ಓದಿಸಿ, ಅಷ್ಟೇ. ಅದರಲ್ಲಿ ಯಾವ ಭಾಷೆಯ ಹೆಸರೂ ಇಲ್ಲ ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ.

ಇದೇ ಸಾಲಿನಲ್ಲಿ 2006ರ 'ಕೇರ್ ಆಫ್ ಫುಟ್‌ಪಾತ್' ಕೂಡ ಬರುತ್ತದೆ. ಚಿಂದಿ ಆಯುವ ಹುಡುಗ ಶಾಲೆಗೆ ಹೋಗಬೇಕು ಅಂತ ಹಂಬಲಿಸುವ ಕಥೆ. ನಿರ್ದೇಶಕ ಮಾಸ್ಟರ್ ಕಿಶನ್ ಆಗ ನಿಮ್ಮ ಮಕ್ಕಳಿಗಿಂತ ಚಿಕ್ಕವನು, ಇದನ್ನು ಹೇಳಿದರೆ ಅವರು ನೋಡುವ ರೀತಿಯೇ ಬದಲಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಅಂದರೆ ಸಿನಿಮಾ ಬಂದ ಮೇಲೆ. ಈ ಹುಡುಗ ಇವತ್ತು ನಮ್ಮ ಶಾಲೆ ಗೇಟಿಗೆ ಬಂದರೆ ಏನಾಗಬೇಕು, ನಿಜವಾಗಿ ಏನಾಗುತ್ತದೆ ಅಂತ ಎರಡು ಕಾಲಂ ಹಾಕಿ ಬರೆಸಿ.

ಆದರೆ ಒಂದು ಮಾತು. ನಾವು ಆರಿಸಿ ತೋರಿಸುವ ಒಳ್ಳೆ ಸಿನಿಮಾ ವರ್ಷಕ್ಕೆ ನಾಲ್ಕೋ ಐದೋ. ಮಕ್ಕಳು ತಾವಾಗಿ ನೋಡೋದು ದಿನಕ್ಕೆ ಎಷ್ಟೋ ರೀಲ್ಸು, ವಾರಕ್ಕೆ ಎರಡು ಮೂರು ಮಾಸ್ ಸಿನಿಮಾ. ಅವರಿಗೆ ಸಂಬಂಧ ಅಂದರೆ ಏನು, ಗಂಡಸು ಅಂದರೆ ಹೇಗಿರಬೇಕು, ಹುಡುಗಿ 'ಬೇಡ' ಅಂದರೆ ಏನರ್ಥ ಅಂತ ಕಲಿಸುತ್ತಿರೋದು ಅವು. ಅವನ್ನು ಬಿಟ್ಟು ಬರೀ ಪ್ರಶಸ್ತಿ ಸಿನಿಮಾ ತೋರಿಸಿದರೆ ನಿಜವಾದ ಪಾಠ ಕ್ಲಾಸಿನ ಹೊರಗೇ ಉಳಿಯುತ್ತದೆ. ಹಾಗಾಗಿ 9, 10ನೇ ತರಗತಿಗೆ ಇದೊಂದನ್ನು ಖಂಡಿತ ಮಾಡಿ. ಹೀರೋ ಹುಡುಗಿಯ ಹಿಂದೆ ಬೀಳುವ ಯಾವುದಾದರೂ ಜನಪ್ರಿಯ ದೃಶ್ಯ ತೆಗೆದುಕೊಳ್ಳಿ. ಬಸ್ ಸ್ಟಾಪಿನಲ್ಲಿ ಕಾಯ್ತಾನೆ, ಕಾಲೇಜಿನವರೆಗೂ ಹಿಂಬಾಲಿಸ್ತಾನೆ, ಅವಳು ಮುಖ ತಿರುಗಿಸಿದರೂ ಬಿಡೋದಿಲ್ಲ, ಮೂರನೇ ಹಾಡಿನ ಹೊತ್ತಿಗೆ ಅವಳು ನಗ್ತಾಳೆ. ಇಂಥದ್ದು ಹುಡುಕೋಕೆ ಕಷ್ಟಪಡಬೇಕಾಗಿಲ್ಲ.

ಮೊದಲ ಸಲ ಹಾಗೇ ತೋರಿಸಿ. ನಗುತ್ತಾರೆ, ಶಿಳ್ಳೆ ಬೀಳಬಹುದು. ಎರಡನೇ ಸಲ ಸೌಂಡ್ ಪೂರ್ತಿ ಆಫ್ ಮಾಡಿ ತೋರಿಸಿ. ಹಾಡಿಲ್ಲ, ಮ್ಯೂಸಿಕ್ ಇಲ್ಲ, ಡೈಲಾಗ್ ಇಲ್ಲ. ಪರದೆ ಮೇಲೆ ಉಳಿಯೋದು ಮುಂದೆ ಮುಂದೆ ನಡೆಯುತ್ತಿರುವ ಒಬ್ಬ ಹುಡುಗಿ, ಹಿಂದೆ ಬರುತ್ತಿರುವ ಒಬ್ಬ ಗಂಡಸು, ಕೆಲವು ಸಲ ಅವನ ಗೆಳೆಯರ ಗುಂಪು. ಈ ಸಲ ನಗು ಕಮ್ಮಿ ಇರುತ್ತದೆ. ಮೂರನೇ ಸಲ ಅವಳ ಮುಖ ಕಾಣುವ ಜಾಗದಲ್ಲಿ ನಿಲ್ಲಿಸಿ, ಎಲ್ಲರೂ, ಹುಡುಗರೂ ಕೂಡ, ಅವಳ ಮನಸ್ಸಿನಲ್ಲಿರುವ ಒಂದು ಸಾಲು ಚೀಟಿಯಲ್ಲಿ ಬರೆಯಲಿ. ಹೆಸರು ಬೇಡ. ಚೀಟಿಗಳನ್ನು ಕಲೆಸಿ ನೀವೇ ಓದಿ. ಹುಡುಗರು ಬರೆದದ್ದು ಯಾವುದು, ಹುಡುಗಿಯರು ಬರೆದದ್ದು ಯಾವುದು ಅಂತ ಕೇಳಬೇಡಿ. ಓದುವಾಗ ಕ್ಲಾಸಿಗೇ ಗೊತ್ತಾಗುತ್ತದೆ.

ಆಮೇಲೆ ಕಾನೂನು ಹೇಳಿ, ಮುಂಚೆ ಬೇಡ. ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಹೆಣ್ಣಿನ ಹಿಂದೆ ಪದೇ ಪದೇ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. 18 ವರ್ಷದೊಳಗಿನ ಮಗುವನ್ನು ಲೈಂಗಿಕ ಉದ್ದೇಶದಿಂದ ಹೀಗೆ ಹಿಂಬಾಲಿಸಿದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯೂ ಅನ್ವಯಿಸುತ್ತದೆ. ಕ್ಯಾಮೆರಾ, ಹಾಡು, ಹಿನ್ನೆಲೆ ಸಂಗೀತ ಎಲ್ಲಾ ಸೇರಿ ಒಂದು ಅಪರಾಧವನ್ನು ಪ್ರೀತಿಯ ಹಾಗೆ ಹೇಗೆ ತೋರಿಸಿದವು ಅಂತ ಕೇಳಿ. ಸಿನಿಮಾ ನೋಡೋದನ್ನೇ ಕಲಿಸುವ ಪಾಠ ಇದು. ಇದನ್ನು ಕಲಿತ ಮಕ್ಕಳು ಚುನಾವಣೆ ಹೊತ್ತಿನ ವಿಡಿಯೋಗಳನ್ನೂ ಸೌಂಡ್ ಆಫ್ ಮಾಡಿ ನೋಡಬಲ್ಲರು.

ಇನ್ನು ಜಾತಿಯ ವಿಷಯ. ಇಲ್ಲಿ ತುಂಬಾ ಜೋಪಾನವಾಗಿರಬೇಕು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ 'ಫ್ಯಾಂಡ್ರಿ', 2013ರದ್ದು. ದಲಿತ ಹುಡುಗ ಜಬ್ಯಾ. ಊರಿನ ಹಂದಿ ಹಿಡಿಯುವ ಕೆಲಸ ಅವನ ಮನೆಯವರ ಪಾಲಿಗೆ ಬರುತ್ತದೆ. ಒಂದು ದೃಶ್ಯದಲ್ಲಿ ಎಲ್ಲರೂ ಹಂದಿಯ ಹಿಂದೆ ಓಡುತ್ತಿರುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳಿಸುತ್ತದೆ. ಇಡೀ ಕುಟುಂಬ ನಿಂತಲ್ಲೇ ನೆಟ್ಟಗೆ ನಿಂತುಬಿಡುತ್ತದೆ. ಹಂದಿ ತಪ್ಪಿಸಿಕೊಳ್ಳುತ್ತದೆ. ದೇಶಕ್ಕೆ ಇವರು ಕೊಡುವ ಗೌರವ, ಇವರಿಗೆ ಊರು ಕೊಡುವ ಗೌರವ, ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಬಗ್ಗೆ ನಾವು ಒಂದು ಗಂಟೆ ಮಾತಾಡಿದರೂ ಆಗದ್ದು ಆ ದೃಶ್ಯದಲ್ಲಿ ಆಗುತ್ತದೆ.

ಆದರೆ ಆ ಕತ್ತಲೆ ಕೋಣೆಯಲ್ಲಿ ಕೂತವರಲ್ಲಿ ಜಬ್ಯಾನ ಹಾಗೆಯೇ ಬದುಕುತ್ತಿರುವ ಮಗು ಇರಬಹುದು. ಸಿನಿಮಾದಲ್ಲಿ ಸಹಪಾಠಿಗಳು ನಿಂತು ನೋಡುತ್ತಾ ನಗುತ್ತಾರೆ. ನಿಮ್ಮ ಕ್ಲಾಸಿನಲ್ಲೂ ಅದೇ ಹೊತ್ತಿಗೆ ನಾಲ್ಕು ಜನ ತಿರುಗಿ ಆ ಮಗುವಿನ ಮುಖ ನೋಡಿದರೆ? ಒಳ್ಳೆಯ ಸಿನಿಮಾ ತೋರಿಸಲು ಹೋಗಿ ನಾವೇ ಒಂದು ಮಗುವನ್ನು ಬೀದಿಯಲ್ಲಿ ನಿಲ್ಲಿಸಿದ ಹಾಗೆ ಆಗುತ್ತದೆ. ಅದಕ್ಕೆ 'ನಿಮಗೆ ಯಾರಿಗಾದರೂ ಹೀಗಾಗಿದೆಯಾ' ಅಂತ ಎಂದೂ ಕೇಳಬಾರದು. ಯಾವ ಮಗುವನ್ನೂ ತನ್ನ ಸಮುದಾಯದ ಪರವಾಗಿ ಮಾತಾಡು ಅನ್ನಬಾರದು. ಪ್ರಶ್ನೆ ಯಾವಾಗಲೂ ನಗುತ್ತಿರುವವರ ಬಗ್ಗೆ ಇರಲಿ. ಇವರು ಯಾಕೆ ನಗುತ್ತಿದ್ದಾರೆ? ಇವರಲ್ಲಿ ಒಬ್ಬನಿಗೆ ನಗಬೇಕು ಅನ್ನಿಸಲಿಲ್ಲ ಅಂತಿಟ್ಟುಕೊಳ್ಳಿ, ಅವನು ಏನು ಮಾಡಬಹುದಿತ್ತು? ಮೇಷ್ಟ್ರು ಏನು ಮಾಡಬಹುದಿತ್ತು? ಅನ್ಯಾಯ ಅನುಭವಿಸಿದವರೇ ಎದ್ದು ವಿವರಿಸಬೇಕು ಅನ್ನೋ ಹೊರೆ ಬೇಡ. ನಿಂತು ನೋಡಿದವರು ಮೊದಲು ಮಾತಾಡಲಿ. ನಿಮ್ಮ ಕ್ಲಾಸಿನ ವಾತಾವರಣ ಅದಕ್ಕೆ ಇನ್ನೂ ತಯಾರಿಲ್ಲ ಅನ್ನಿಸಿದರೆ ಈ ವರ್ಷ ತೋರಿಸಲೇಬೇಡಿ. ಮೊದಲು ಹರಿದ ಪುಸ್ತಕದ ಸಿನಿಮಾ, ಆಮೇಲೆ ಶೂ, ಆಮೇಲೆ ಕಾಸರಗೋಡು. ಒಬ್ಬರ ಮಾತು ಒಬ್ಬರು ಕೇಳುವ ಅಭ್ಯಾಸ ಆಗಲಿ. ಇದು 10ನೇ ತರಗತಿಗೆ ಇರಲಿ.

ಲೈಂಗಿಕ ದೌರ್ಜನ್ಯದ ಬಗ್ಗೆ ಚೈಲ್ಡ್‌ಲೈನ್ ಸಂಸ್ಥೆ ಮಾಡಿಸಿದ 'ಕೋಮಲ್' ಅನ್ನುವ ಚಿಕ್ಕ ಅನಿಮೇಷನ್ ಚಿತ್ರ ಇದೆ, ಹತ್ತು ನಿಮಿಷದ್ದು. ಅನೇಕ ಶಾಲೆಗಳಲ್ಲಿ ತೋರಿಸುತ್ತಾರೆ. ತೋರಿಸುವ ಮುಂಚೆ ಒಂದು ಸಿದ್ಧತೆ ಬೇಕು. ಸಿನಿಮಾ ಮುಗಿದ ಮೇಲೆ, ಬಹುಶಃ ಎರಡು ದಿನ ಬಿಟ್ಟು, ಒಂದು ಮಗು ಬಂದು ನಿಮ್ಮ ಹತ್ತಿರ ಏನೋ ಹೇಳಬಹುದು. ಆಗ 'ನಿಜವಾ?' ಅಂತ ಕೇಳಬೇಡಿ, 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ. ಮಗುವಿನ ಹೆಸರು ಸ್ಟಾಫ್ ರೂಮಿನಲ್ಲಿ ಹರಿದಾಡಬಾರದು. ಇದಕ್ಕೆಲ್ಲ ಎಚ್‌ಎಂ ಮತ್ತು ನೀವು ಮೊದಲೇ ಕೂತು ಮಾತಾಡಿಕೊಂಡಿದ್ದರೆ ಮಾತ್ರ ತೋರಿಸಿ.

ಕಾನೂನಿನ ತೊಡಕು ಕೇಳಿದ್ದೀರಿ. ಹಕ್ಕುಸ್ವಾಮ್ಯ ಕಾಯ್ದೆ, 1957ರ 52ನೇ ಸೆಕ್ಷನ್‌ನಲ್ಲಿ ಶಾಲೆಗಳಿಗೆ ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ನೋಡುವುದಾದರೆ ಸಿನಿಮಾ ತೋರಿಸಬಹುದು. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸಿದರೆ ಈ ವಿನಾಯಿತಿ ಸಿಗೋದಿಲ್ಲ. ಪೈರೇಟೆಡ್ ಕಾಪಿ ಮಾತ್ರ ಬೇಡ. ಪೌರತ್ವ ಕಲಿಸುವ ಪೀರಿಯಡ್ಡಿನಲ್ಲಿ ಕದ್ದ ಸಿನಿಮಾ ತೋರಿಸಿದರೆ ಮಕ್ಕಳು ಅದನ್ನೂ ಕಲಿಯುತ್ತಾರೆ. ಒಟಿಟಿ ಖಾತೆಗಳಿಗೆ ಅವುಗಳದ್ದೇ ಷರತ್ತುಗಳಿರುತ್ತವೆ, ಒಮ್ಮೆ ಓದಿಕೊಳ್ಳಿ. ಸೆನ್ಸಾರ್ ಸರ್ಟಿಫಿಕೇಟ್ ಕೂಡ ನೋಡಿ. 2023ರ ತಿದ್ದುಪಡಿ ಆದ ಮೇಲೆ ಯುಎ ದರ್ಜೆಯನ್ನು 7, 13, 16 ವರ್ಷ ಮೇಲ್ಪಟ್ಟವರಿಗೆ ಅಂತ ಮೂರು ಮಾಡಿದ್ದಾರೆ. ಸರ್ಟಿಫಿಕೇಟ್ ಏನೇ ಇರಲಿ, ತೋರಿಸುವ ತುಣುಕನ್ನು ನೀವು ಪೂರ್ತಿ, ಒಬ್ಬರೇ ಕೂತು, ಮೊದಲು ನೋಡಿರಲೇಬೇಕು.

ಪ್ರೊಜೆಕ್ಟರ್ ಇಲ್ಲದಿದ್ದರೂ ನಡೆಯುತ್ತದೆ. ಮೂವತ್ತು ಮಕ್ಕಳಿಗೆ ಸ್ಮಾರ್ಟ್ ಕ್ಲಾಸಿನ ಟಿವಿಯೇ ಸಾಕು. ಚಿತ್ರ ಸ್ವಲ್ಪ ಮಂಕಾಗಿದ್ದರೂ ಮಕ್ಕಳು ನೋಡುತ್ತಾರೆ, ಮಾತು ಕೇಳಿಸದಿದ್ದರೆ ಐದು ನಿಮಿಷಕ್ಕೆ ಗಲಾಟೆ ಶುರು. ಹಾಗಾಗಿ ಒಂದು ಒಳ್ಳೆ ಸ್ಪೀಕರ್‌ಗೆ ಎಸ್‌ಡಿಎಂಸಿಯವರನ್ನು ಕೇಳಿ. ತುಣುಕನ್ನು ಪೆನ್‌ಡ್ರೈವಿನಲ್ಲೋ ಮೊಬೈಲಿನಲ್ಲೋ ಮೊದಲೇ ಇಟ್ಟುಕೊಳ್ಳಿ, ನೆಟ್‌ವರ್ಕ್ ನಂಬಬೇಡಿ. ಕರೆಂಟ್ ಹೋದರೆ? ಅಲ್ಲಿಯವರೆಗೆ ನೋಡಿದ್ದಕ್ಕೇ ಚರ್ಚೆ ಶುರು ಮಾಡಿ. ಹೇಗೂ ನಿಲ್ಲಿಸಲೇಬೇಕಿತ್ತಲ್ಲ. ಮತ್ತೆ, ಮೂರು ತರಗತಿಯನ್ನು ಒಟ್ಟಿಗೆ ಕೂರಿಸಬೇಡಿ. ನೂರು ಜನರ ಮುಂದೆ ಮಾತಾಡೋರು ಅದೇ ನಾಲ್ಕು ಮಕ್ಕಳು. ಒಂದು ತರಗತಿ ಸಾಕು, ಮೊದಲು ಇಬ್ಬಿಬ್ಬರು ಮಾತಾಡಿಕೊಂಡು ಆಮೇಲೆ ಎಲ್ಲರ ಮುಂದೆ ಹೇಳಲಿ.

ಎಚ್‌ಎಂ ಸರ್ ವಿಷಯ. ಅವರ ಚಿಂತೆ ನ್ಯಾಯವಾದದ್ದೇ, ಹತ್ತನೇ ಕ್ಲಾಸಿನ ರಿಸಲ್ಟ್ ಕೇಳೋದು ಅವರನ್ನೇ. ಅದಕ್ಕೆ 'ಸಿನಿಮಾ ತೋರಿಸ್ತೀನಿ ಸರ್' ಅನ್ನಬೇಡಿ. ಮೂಲಭೂತ ಹಕ್ಕುಗಳ ಪಾಠಕ್ಕೆ ಎರಡು ಪೀರಿಯಡ್, ಅದರಲ್ಲಿ ಹದಿನೈದು ನಿಮಿಷ ದೃಶ್ಯ, ಉಳಿದದ್ದು ಚರ್ಚೆ ಮತ್ತು ಬರವಣಿಗೆ ಅಂತ ಪಾಠಯೋಜನೆಯಲ್ಲೇ ಬರೆದು ತೋರಿಸಿ. ಮಕ್ಕಳು ಬರೆದದ್ದು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಆಗುತ್ತದೆ, ಅದಕ್ಕೆ ಬೇರೆ ಸಮಯ ಬೇಕಾಗಿಲ್ಲ. ಅಂಕ ಕೊಡುವಾಗ ಯಾವ ಪಕ್ಷ ಹಿಡಿದರು ಅಂತ ನೋಡಬೇಡಿ. ಕಾರಣ ಕೊಟ್ಟಿದ್ದಾರಾ, ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಂಡು ಬರೆದಿದ್ದಾರಾ ಅಂತ ನೋಡಿ. 'ಮೊದಲು ನಾನು ಹೀಗೆ ಅಂದುಕೊಂಡಿದ್ದೆ, ಆಮೇಲೆ...' ಅಂತ ಒಂದು ಸಾಲು ಸಿಕ್ಕರೆ ಅದಕ್ಕೆ ಪೂರ್ತಿ ಅಂಕ ಕೊಡಿ.

ಚರ್ಚೆಯಲ್ಲಿ ಎದ್ದ ಕೆಲವು ಪ್ರಶ್ನೆಗಳಿಗೆ ಕ್ಲಾಸಿನಲ್ಲಿ ಉತ್ತರ ಸಿಗೋದಿಲ್ಲ. ಸಂಜೆ ಬಸ್ಸಿನಲ್ಲಿ ಹುಡುಗಿಯರ ಹಿಂದೆ ಬೀಳುವವರ ಬಗ್ಗೆ ಯಾರಿಗೆ ಹೇಳಬೇಕು? ಶಾಲೆ ಬಿಟ್ಟು ಕೆಲಸಕ್ಕೆ ಹೋಗುವ ಹುಡುಗನನ್ನು ವಾಪಸ್ ಕರೆತರೋದು ಯಾರ ಕೆಲಸ? ಇವನ್ನು ಒಂದು ದಪ್ಪ ಹಾಳೆಯಲ್ಲಿ ಬರೆದು ಗೋಡೆಗೆ ಹಾಕಿ, ವರ್ಷವಿಡೀ ಸೇರಿಸುತ್ತಾ ಹೋಗಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಎಷ್ಟೋ ಕಡೆ ಅಲ್ಲಿ ಮಕ್ಕಳ ಕೈಲಿ ಹಾಡು, ಡ್ಯಾನ್ಸು ಮಾಡಿಸಿ ಚಾಕೊಲೇಟ್ ಕೊಟ್ಟು ಕಳಿಸುತ್ತಾರೆ. ನಿಮ್ಮ ಮಕ್ಕಳು ಆ ಹಾಳೆ ಹಿಡಿದುಕೊಂಡು ಹೋಗಲಿ. ಪಿಡಿಒ ಅವರಿಗೆ ಒಂದು ವಾರ ಮೊದಲೇ ಪ್ರತಿ ಕೊಡಿ, ಉತ್ತರ ಬರವಣಿಗೆಯಲ್ಲಿ ಕೇಳಿ. ಈಗಿನಿಂದಲೇ ಶುರು ಮಾಡಿದರೆ ಮುಂದಿನ ಸಭೆಗೆ ಹಾಳೆ ತುಂಬಿರುತ್ತದೆ. ಹರಿದ ಪುಸ್ತಕದ ಸಿನಿಮಾವನ್ನು ಈ ಶನಿವಾರವೇ ತೋರಿಸಿ ನೋಡಿ. ಮಕ್ಕಳು ಬೋರ್ಡಿನ ಮೇಲೆ ಏನೇನು ಬರೆಸಿದರು ಅಂತ ನನಗೂ ಬರೆಯಿರಿ.